ಬೋರ್ಡಿನ ಹೆಸರು ಕೇಳುವ ಮುಂಚೆ

ಉಪಕರಣದ ಚಿಪ್ಪಿನೊಳಗೆ ಓಡುವ ಪ್ರೋಗ್ರಾಮನ್ನು, ಅಂದರೆ ಫರ್ಮ್‌ವೇರನ್ನು, ಬಿಲ್ಡ್ ಮಾಡುವ ಸಾಧನ ಯಾವುದೇ ಇರಲಿ, ಅದರ ಕೆಲಸ ಶುರುವಾಗುವುದು ಚಿಪ್ಪು ಕೂತಿರುವ ಯಾವ ಸರ್ಕ್ಯೂಟ್ ಬೋರ್ಡಿಗೆ ಎಂಬ ಪ್ರಶ್ನೆಯಿಂದ. ಯಾವ ಕಂಪೈಲರ್ ಓಡಬೇಕು, ಫ್ಲ್ಯಾಶ್ ಮೆಮೊರಿಯನ್ನು ಹೇಗೆ ಪಾಲು ಮಾಡಬೇಕು, ಯಾವ ಪಿನ್ನಿಗೆ ಯಾವ ಕೆಲಸ, ಕೊನೆಗೆ ಕೇಬಲ್ಲಿನ ಮೂಲಕ ಯಾವ ವೇಗದಲ್ಲಿ ಕಳಿಸಬೇಕು ಎನ್ನುವುದೆಲ್ಲ ಆ ಒಂದು ಉತ್ತರದಿಂದ ತೀರ್ಮಾನವಾಗುತ್ತದೆ. ಇಷ್ಟು ಭಾರ ಹೊತ್ತ ಪ್ರಶ್ನೆಯನ್ನು ಬಹಳಷ್ಟು ಸಾಧನಗಳು ಕೇಳುವ ರೀತಿ ಮಾತ್ರ ತೀರಾ ಹಗುರವಾದದ್ದು. ನೂರಾರು ಹೆಸರುಗಳ ಪಟ್ಟಿಯೊಂದನ್ನು ಮುಂದಿಟ್ಟು, ನಿಮ್ಮದು ಯಾವುದೆಂದು ನೀವೇ ಹುಡುಕಿಕೊಳ್ಳಿ ಎಂದು ಅವು ಸುಮ್ಮನಾಗುತ್ತವೆ. ಬೋರ್ಡು ಗೊತ್ತಿರುವವನಿಗೆ ಪಟ್ಟಿಯ ಅಗತ್ಯವೇ ಇರುವುದಿಲ್ಲ, ಗೊತ್ತಿಲ್ಲದವನಿಗೆ ಪಟ್ಟಿಯಿಂದ ಏನೂ ತಿಳಿಯುವುದಿಲ್ಲ.

ಶಿರಸಿಯಲ್ಲಿ ನಾವು ನಾಲ್ಕಾರು ಜನ ಸೇರಿ ತೋಟ ಮತ್ತು ಗದ್ದೆಗಳಿಗೆ ಬೇಕಾಗುವ ಸಣ್ಣ ಉಪಕರಣಗಳನ್ನು ಮಾಡುತ್ತೇವೆ. ಅಡಿಕೆಗೆ ಕೊಳೆ ರೋಗ ಬರುವ ಮಳೆಗಾಲದಲ್ಲಿ ಮಳೆಯನ್ನೂ ಗಾಳಿಯ ತೇವವನ್ನೂ ದಾಖಲಿಸಿ, ಬೋರ್ಡೋ ದ್ರಾವಣ ಹೊಡೆಯುವ ದಿನ ಗೊತ್ತುಮಾಡಲು ನೆರವಾಗುವ ಪೆಟ್ಟಿಗೆ ಒಂದು. ಬೇಸಿಗೆಯಲ್ಲಿ ಮಣ್ಣಿನ ತೇವಾಂಶ ನೋಡಿ ಪಂಪು ನಡೆಸುವುದು ಇನ್ನೊಂದು. ಘಟ್ಟದ ಕೆಳಗೆ, ಕುಮಟಾ ಕಡೆ ಅಘನಾಶಿನಿ ಅಳಿವೆಯ ಗಜನಿ ಭೂಮಿಯಲ್ಲಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಲ್ಲಿ) ನೀರಿನ ಮಟ್ಟ ಮತ್ತು ಉಪ್ಪಿನಂಶ ಅಳೆಯುವುದು ಮತ್ತೊಂದು. ಮೂರರ ಒಳಗಿನ ಪ್ರೋಗ್ರಾಮು ಬಹುಮಟ್ಟಿಗೆ ಒಂದೇ, ಬೋರ್ಡುಗಳು ಮಾತ್ರ ಬೇರೆ ಬೇರೆ. ಅದೇ ಪೆಟ್ಟಿಗೆಯ ಹಳೆಯ ಮತ್ತು ಹೊಸ ಆವೃತ್ತಿಗಳಲ್ಲೂ ಬೋರ್ಡು ಬೇರೆ. ಹೀಗಾಗಿ ಎಲ್ಲಕ್ಕೂ ಸೇರಿ ಒಂದು ಬಿಲ್ಡ್ ಸಾಧನವನ್ನು ಪೈಥಾನ್‌ನಲ್ಲಿ ಬರೆದುಕೊಂಡಿದ್ದೇವೆ. ಒಳಗೆ ಕೆಲಸ ಮಾಡುವುದು ಇಎಸ್‌ಪಿ-ಐಡಿಎಫ್ (ಇಎಸ್‌ಪಿ32 ಚಿಪ್ಪುಗಳ ತಯಾರಕರದೇ ಬಿಲ್ಡ್ ಸಲಕರಣೆ) ಮತ್ತು ಜೆಫಿರ್ (ಸಣ್ಣ ಉಪಕರಣಗಳ ಆಪರೇಟಿಂಗ್ ಸಿಸ್ಟಮ್). ನಮ್ಮದು ಅವುಗಳ ಮೇಲಿನ ಒಂದು ತೆಳುವಾದ ಪದರ. ಈಚೆಗೆ ನಾವು ಹೆಚ್ಚಿನ ಸಮಯ ಕೊಟ್ಟಿದ್ದು ಈ ಪದರದಲ್ಲಿ ಬೋರ್ಡು ಆರಿಸುವ ಭಾಗವನ್ನು ಸರಿಮಾಡುವುದಕ್ಕೆ. ಆ ಕೆಲಸದ ನಡುವೆ ನನಗೆ ಸ್ಪಷ್ಟವಾದ ಮಾತೆಂದರೆ, ಬೋರ್ಡು ಎನ್ನುವುದು ಒಂದು ಹೆಸರಲ್ಲ, ಹಲವು ಸಂಗತಿಗಳ ಒಂದು ಕಟ್ಟು. ಆ ಸಂಗತಿಗಳಲ್ಲಿ ಕೆಲವನ್ನು ಸಾಧನ ತಾನೇ ಓದಿ ತಿಳಿಯಬಲ್ಲದು, ಕೆಲವನ್ನು ಮನುಷ್ಯನೇ ಹೇಳಬೇಕು. ಇವೆರಡರ ನಡುವಿನ ಗೆರೆಯನ್ನು ಸಾಧನ ಎಲ್ಲಿ ಎಳೆಯುತ್ತದೆ ಎನ್ನುವುದರಲ್ಲೇ ಅದರ ಗುಣ ಇದೆ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಪಂಪಿನ ಪೆಟ್ಟಿಗೆಯಲ್ಲಿ ನಾವು ಬಳಸುವುದು ಇಎಸ್‌ಪಿ32 ಎಂಬ ವೈಫೈ ಚಿಪ್ಪಿನ ಡೆವ್‌ಕಿಟ್ ಬೋರ್ಡು. ಅದನ್ನು ನಮ್ಮದೇ ಒಂದು ದೊಡ್ಡ ಬೋರ್ಡಿನ ಸಾಕೆಟ್ಟಿನಲ್ಲಿ ಕೂರಿಸುತ್ತೇವೆ. ಮಣ್ಣಿನ ಸೆನ್ಸರ್ ಆರ್‌ಎಸ್485 ತಂತಿಯ ಮೇಲೆ ಮಾತನಾಡುತ್ತದೆ, ಅದರ ಸೀರಿಯಲ್ ಲೈನು ಬಂದು ಸೇರುವುದು ಚಿಪ್ಪಿನ 16 ಮತ್ತು 17ನೇ ಪಿನ್ನಿಗೆ. ಎರಡನೇ ಸೀರಿಯಲ್ ಪೋರ್ಟಿಗೆ ಈ ಎರಡು ಪಿನ್ನುಗಳನ್ನು ಬಳಸುವುದು ವಾಡಿಕೆ. ಒಂದು ಸಲ ಬಿಡಿಭಾಗ ಕೊಡುವವರು ವ್ರೂಮ್ ಮಾಡ್ಯೂಲಿನ (ಮಾಡ್ಯೂಲೆಂದರೆ ಚಿಪ್ಪನ್ನು ತಗಡಿನಿಂದ ಮುಚ್ಚಿದ ತುಂಡು) ಡೆವ್‌ಕಿಟ್ ದಾಸ್ತಾನಿಲ್ಲವೆಂದು ವ್ರೋವರ್ ಮಾಡ್ಯೂಲಿನದ್ದನ್ನು ಕಳಿಸಿದರು. ಹೊರಗಿನ ಪಿನ್ನುಗಳ ಸಾಲು ಒಂದೇ, ಸಾಕೆಟ್ಟಿನಲ್ಲಿ ಸರಿಯಾಗಿ ಕೂರುತ್ತದೆ, ಬಿಲ್ಡ್ ಆಗುತ್ತದೆ, ಫ್ಲ್ಯಾಶ್ ಆಗುತ್ತದೆ (ಪ್ರೋಗ್ರಾಮು ಚಿಪ್ಪಿಗೆ ಇಳಿಯುತ್ತದೆ), ವೈಫೈ ಕೂಡ ಹಿಡಿಯುತ್ತದೆ. ಆದರೆ ವ್ರೋವರ್ ಮಾಡ್ಯೂಲಿನ ತಗಡಿನ ಒಳಗೆ ಹೆಚ್ಚುವರಿ ಮೆಮೊರಿಯಾಗಿ ಪಿಎಸ್‌ರ‍್ಯಾಮ್ ಇದೆ, ಮತ್ತು ಅದು ಉಪಯೋಗಿಸುವುದು ಅದೇ 16 ಮತ್ತು 17ನೇ ಪಿನ್ನನ್ನು. ಸೆನ್ಸರಿನ ಓದಿಕೆ ಬರುವುದಿಲ್ಲ, ಇಲ್ಲವೇ ಬೋರ್ಡು ಕಾರಣ ಹೇಳದೆ ರೀಸೆಟ್ ಆಗುತ್ತದೆ. ಫ್ಲ್ಯಾಶ್ ಮಾಡುವ ಇಎಸ್‌ಪಿಟೂಲ್ ಚಿಪ್ಪಿನ ಗುರುತು ಕೇಳಿದರೆ ಎರಡಕ್ಕೂ ಇಎಸ್‌ಪಿ32 ಎಂಬ ಉತ್ತರವೇ ಬರುತ್ತದೆ, ಏಕೆಂದರೆ ಒಳಗಿನ ಚಿಪ್ಪು ನಿಜವಾಗಿಯೂ ಒಂದೇ.

ಇಎಸ್‌ಪಿ32 ಎಂದಷ್ಟೇ ಹೇಳಿದರೆ ಶಿರಸಿ ಮಾರುಕಟ್ಟೆಯಲ್ಲಿ ಅಡಿಕೆ ಎಂದಷ್ಟೇ ಹೇಳಿದಂತೆ. ಚಾಲಿಯೋ, ರಾಶಿಯೋ, ಬೆಟ್ಟೆಯೋ, ಬಿಳಿಗೋಟೋ ಎಂದು ತಿಳಿಯದೆ ಅಲ್ಲಿ ಯಾರೂ ದರ ಹೇಳುವುದಿಲ್ಲ. ಚಿಪ್ಪಿನ ಮೇಲೆ ಮಾಡ್ಯೂಲು, ಮಾಡ್ಯೂಲಿನ ಮೇಲೆ ಡೆವ್‌ಕಿಟ್, ಅದರ ಕೆಳಗೆ ನಮ್ಮ ಬೋರ್ಡು, ನಮ್ಮ ಬೋರ್ಡಿನಲ್ಲೂ ಹಳೆಯ ಮತ್ತು ಹೊಸ ಆವೃತ್ತಿ. ಈ ಪದರಗಳಲ್ಲಿ ಒಂದು ಬದಲಾದರೂ ಪಿನ್ನಿನ ಅರ್ಥ ಬದಲಾಗಬಹುದು. ಆದರೆ ಬಹಳಷ್ಟು ಸಾಧನಗಳು ಈ ಪದರಗಳನ್ನೆಲ್ಲ ಒಂದೇ ಹೆಸರಿನಲ್ಲಿ ಅಮುಕಿ ಇಟ್ಟಿರುತ್ತವೆ. ಇಎಸ್‌ಪಿ32 ಡೆವ್ ಮಾಡ್ಯೂಲ್ ಎಂಬ ಸಾಮಾನ್ಯ ಹೆಸರು ಪಟ್ಟಿಯಲ್ಲಿ ಇದ್ದೇ ಇರುತ್ತದೆ, ಎಲ್ಲರೂ ಅದನ್ನೇ ಒತ್ತುತ್ತಾರೆ, ಹೆಚ್ಚಿನ ಸಲ ಅದು ನಡೆಯುತ್ತದೆ ಕೂಡ. ಹೆಚ್ಚಿನ ಸಲ ನಡೆಯುವುದೇ ಇಲ್ಲಿನ ತೊಂದರೆ. ಪ್ರತಿ ಸಲವೂ ಕೆಟ್ಟಿದ್ದರೆ ಎಂದೋ ಯಾರಾದರೂ ಅದನ್ನು ತಿದ್ದುತ್ತಿದ್ದರು.

ಬೇರೆಯವರು ಇದನ್ನು ಹೇಗೆ ಎದುರಿಸಿದ್ದಾರೆ ಎಂದು ನೋಡಿದಾಗ ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಜೆಫಿರ್ ತಂದ ಬದಲಾವಣೆ. ಅಲ್ಲಿ ಮೊದಲು ನಾರ್ಡಿಕ್ ಕಂಪನಿಯ ಎನ್‌ಆರ್‌ಎಫ್5340 ಡೆವಲಪ್‌ಮೆಂಟ್ ಕಿಟ್ಟಿಗೆ ಬಿಲ್ಡ್ ಮಾಡಬೇಕಾದರೆ ಬೋರ್ಡಿನ ಹೆಸರು, ಚಿಪ್ಪಿನ ಹೆಸರು, ಕೋರಿನ (ಚಿಪ್ಪಿನೊಳಗಿನ ಪ್ರೊಸೆಸರಿನ) ಹೆಸರು ಎಲ್ಲವನ್ನೂ ಅಂಡರ್‌ಸ್ಕೋರಿನಿಂದ ಅಂಟಿಸಿದ ಒಂದೇ ಉದ್ದನೆಯ ಹೆಸರನ್ನು ಕೊಡಬೇಕಿತ್ತು. ಎಲ್ಲಿ ಬೋರ್ಡು ಮುಗಿದು ಎಲ್ಲಿ ಚಿಪ್ಪು ಶುರುವಾಗುತ್ತದೆ ಎಂದು ಹೆಸರು ನೋಡಿ ಹೇಳುವಂತಿರಲಿಲ್ಲ, ಸಾಧನಕ್ಕೂ ಅದು ತಿಳಿಯುತ್ತಿರಲಿಲ್ಲ. 2024ರ ಜುಲೈಯಲ್ಲಿ ಬಂದ 3.7ನೇ ಆವೃತ್ತಿಯಿಂದ ಹಾರ್ಡ್‌ವೇರ್ ವಿವರಿಸುವ ಹೊಸ ಮಾದರಿ ಜಾರಿಗೆ ಬಂತು. ಈಗ ಬೋರ್ಡು, ಆಮೇಲೆ ಓರೆಗೆರೆ, ಚಿಪ್ಪು, ಮತ್ತೆ ಓರೆಗೆರೆ, ಕೋರು, ಬೇಕಿದ್ದರೆ ಅದರ ಮುಂದೆ ಇನ್ನೊಂದು ರೂಪಾಂತರ. ಆವೃತ್ತಿ ಹೇಳಬೇಕಿದ್ದರೆ ಬೋರ್ಡಿನ ಹೆಸರಿನ ಪಕ್ಕದಲ್ಲಿ ಅಟ್ ಚಿಹ್ನೆ ಹಾಕಿ ಸಂಖ್ಯೆ. ಬೋರ್ಡಿನಲ್ಲಿ ಒಂದೇ ಚಿಪ್ಪು, ಒಂದೇ ಕೋರು ಇದ್ದರೆ ಬರಿಯ ಬೋರ್ಡಿನ ಹೆಸರು ಸಾಕು, ಉಳಿದದ್ದನ್ನು ಸಾಧನವೇ ತುಂಬಿಕೊಳ್ಳುತ್ತದೆ. ಎರಡು ಕೋರುಗಳಿರುವ 5340ರಂಥ ಚಿಪ್ಪಿನಲ್ಲಿ ಬರಿಯ ಬೋರ್ಡಿನ ಹೆಸರು ಕೊಟ್ಟರೆ ಅದು ಊಹೆ ಮಾಡಲು ಹೋಗದೆ ನಿಲ್ಲುತ್ತದೆ, ಮತ್ತು ಆ ಬೋರ್ಡಿಗೆ ಸಲ್ಲುವ ಆಯ್ಕೆಗಳನ್ನಷ್ಟೇ ತೋರಿಸುತ್ತದೆ. ಅಗತ್ಯವಿದ್ದಲ್ಲಿ ಮಾತ್ರ ಕೇಳುವುದು, ಕೇಳಿದಾಗ ಸಂಬಂಧಪಟ್ಟದ್ದನ್ನು ಮಾತ್ರ ತೋರಿಸುವುದು, ಈ ಎರಡು ನಡವಳಿಕೆಗಳನ್ನು ನಾವು ಹಾಗೆಯೇ ಎತ್ತಿಕೊಂಡೆವು.

ಅದೇ ಜೆಫಿರ್‌ನ ಇನ್ನೊಂದು ನಡವಳಿಕೆಯ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಆವೃತ್ತಿಗಳನ್ನು ಸಂಖ್ಯೆಯಲ್ಲಿ ಕೊಟ್ಟಿರುವ ಬೋರ್ಡಿಗೆ ನೀವು ಪಟ್ಟಿಯಲ್ಲಿ ಇಲ್ಲದ ಆವೃತ್ತಿ ಕೇಳಿದರೆ, ನಿಖರವಾಗಿ ಹೊಂದಲೇಬೇಕೆಂದು ಬೋರ್ಡಿನ ಕಡತದಲ್ಲಿ ಹೇಳಿರದಿದ್ದರೆ, ಅದು ಅದಕ್ಕಿಂತ ಕೆಳಗಿನ ಹತ್ತಿರದ ಆವೃತ್ತಿಯನ್ನು ಆರಿಸಿಕೊಂಡು ಮುಂದೆ ಹೋಗುತ್ತದೆ. ದೊಡ್ಡ ಕಂಪನಿಗಳಲ್ಲಿ, ಎರಡು ಆವೃತ್ತಿಗಳ ನಡುವೆ ಒಂದು ಕೆಪಾಸಿಟರ್ ಬದಲಾಗಿರುವಲ್ಲಿ, ಇದು ಅನುಕೂಲವೇ. ನಮ್ಮಂಥ ಸಣ್ಣ ಜಾಗದಲ್ಲಿ ಹೊಸ ಆವೃತ್ತಿ ಬರುವುದು ಸಾಮಾನ್ಯವಾಗಿ ರಿಲೇಯ ಪಿನ್ನು ಬದಲಾದಾಗ. ಕೆಳಗಿನ ಆವೃತ್ತಿಯ ಪಿನ್ನಿನಲ್ಲಿ ಪಂಪು ಶುರು ಮಾಡಲು ಹೊರಟರೆ ಏನಾಗುತ್ತದೆಂದು ಯೋಚಿಸಿಯೇ, ನಮ್ಮ ಸಾಧನದಲ್ಲಿ ಆವೃತ್ತಿ ತಿಳಿಯದಿದ್ದರೆ ಬಿಲ್ಡ್ ನಿಲ್ಲಬೇಕು ಎಂದು ಇಟ್ಟಿದ್ದೇವೆ.

ಈಗ ಸಾಧನ ತಾನಾಗಿ ಕಂಡುಹಿಡಿಯುವ ವಿಷಯ. ಕೇಬಲ್ ಸಿಕ್ಕಿಸಿದ ಕೂಡಲೆ ಬೋರ್ಡಿನ ಹೆಸರು ಬರಬೇಕು ಎನ್ನುವುದು ಎಲ್ಲರ ಆಸೆ. ಯುಎಸ್‌ಬಿಯಲ್ಲಿ ಪ್ರತಿ ಉಪಕರಣಕ್ಕೂ ತಯಾರಕರ ಸಂಖ್ಯೆ, ಉತ್ಪನ್ನದ ಸಂಖ್ಯೆ ಎಂದು ಎರಡಿರುತ್ತವೆ, ಅವನ್ನು ನೋಡಿ ಆರ್ಡುಯಿನೋ ಕಂಪನಿಯ ಅಧಿಕೃತ ಊನೋ ಬೋರ್ಡು ಮುಂತಾದವುಗಳನ್ನು ಗುರುತಿಸಬಹುದು. ಆದರೆ ನಮ್ಮ ಪೇಟೆಗೆ ಬರುವ ಅಗ್ಗದ ಬೋರ್ಡುಗಳಲ್ಲಿ ಬಹುಪಾಲಿನ ಮೇಲೆ ಇರುವುದು ಸಿಎಚ್340 ಎಂಬ ಯುಎಸ್‌ಬಿ-ಸೀರಿಯಲ್ ಚಿಪ್ಪು. ಊನೋದ ನಕಲಿನ ಮೇಲೂ ಅದೇ, ಆರ್ಡುಯಿನೋ ನ್ಯಾನೋದ ನಕಲಿನ ಮೇಲೂ ಅದೇ, ಇಎಸ್‌ಪಿ8266 ಬೋರ್ಡಿನ ಮೇಲೂ ಅದೇ. ಎಲ್ಲವೂ ಒಂದೇ ಸಂಖ್ಯೆ ಹೇಳುತ್ತವೆ. ಆ ಸಂಖ್ಯೆ ನೋಡಿ ಬೋರ್ಡು ಊಹಿಸುವುದೆಂದರೆ ಬಾಗಿಲ ಬಣ್ಣ ನೋಡಿ ಮನೆಯವರ ಹೆಸರು ಹೇಳಲು ಹೊರಟ ಹಾಗೆ ಎಂದು ಬರೆಯಲು ಹೊರಟಿದ್ದೆ. ಹೋಲಿಕೆ ಬೇಡ, ನೇರವಾಗಿಯೇ ಹೇಳುತ್ತೇನೆ: ಆ ಸಂಖ್ಯೆ ಕೇಬಲ್ಲಿನ ತುದಿಯ ಚಿಪ್ಪಿನದು, ಅದರ ಹಿಂದಿರುವ ಬೋರ್ಡಿನದಲ್ಲ.

ನ್ಯಾನೋದಲ್ಲಿ ಇನ್ನೂ ಒಂದು ತೊಡಕಿದೆ. 2018ರ ಜನವರಿಯಿಂದ ಅಧಿಕೃತ ನ್ಯಾನೋ ಬೋರ್ಡುಗಳು ಹೊಸ ಬೂಟ್‌ಲೋಡರಿನೊಂದಿಗೆ (ಕೇಬಲ್ಲಿನಿಂದ ಬರುವ ಪ್ರೋಗ್ರಾಮನ್ನು ಬರಮಾಡಿಕೊಳ್ಳುವ ಸಣ್ಣ ಪ್ರೋಗ್ರಾಮು) ಬರುತ್ತಿವೆ, ಅದು ಮಾತನಾಡುವುದು 115200 ಬಾಡ್ ವೇಗದಲ್ಲಿ, ಹಳೆಯದು 57600ರಲ್ಲಿ. ಬೋರ್ಡು ಅದೇ, ಎಟಿಮೆಗಾ328ಪಿ ಚಿಪ್ಪೂ ಅದೇ, ಅದರ 32 ಕೆಬಿ ಫ್ಲ್ಯಾಶ್ ಮತ್ತು 2 ಕೆಬಿ ರ‍್ಯಾಮೂ ಅಷ್ಟೇ, ಆದರೂ ಮೆನುವಿನಲ್ಲಿ ಪ್ರೊಸೆಸರ್ ಎಂಬ ಕಡೆ ಹಳೆಯ ಬೂಟ್‌ಲೋಡರ್ ಎಂದು ಆರಿಸದಿದ್ದರೆ ಅಪ್‌ಲೋಡ್ ಆಗುವುದಿಲ್ಲ. ತಾಳ ಸಿಗುತ್ತಿಲ್ಲ ಎಂಬರ್ಥದ ದೋಷದ ಸಾಲು ಹತ್ತು ಸಲ ಬರುತ್ತದೆ, ಕಲಿಯುವ ಹುಡುಗರು ಕೇಬಲ್ ಬದಲಿಸುತ್ತಾರೆ, ಪೋರ್ಟ್ ಬದಲಿಸುತ್ತಾರೆ, ಕೊನೆಗೆ ಬೋರ್ಡೇ ಸುಟ್ಟಿದೆ ಎಂದು ತೀರ್ಮಾನಿಸುತ್ತಾರೆ. ಈ ಸಂದರ್ಭದಲ್ಲಿ ಸಾಧನ ಕೇಳಬೇಕಾದದ್ದೇ ಏನೂ ಇಲ್ಲ. ಒಂದು ವೇಗದಲ್ಲಿ ಉತ್ತರ ಬಾರದಿದ್ದರೆ ಇನ್ನೊಂದರಲ್ಲಿ ಪ್ರಯತ್ನಿಸಿ, ಸಿಕ್ಕಿದ್ದನ್ನು ತಿಳಿಸಿದರೆ ಮುಗಿಯಿತು. ಯಂತ್ರ ಕ್ಷಣದಲ್ಲಿ ಪರೀಕ್ಷಿಸಬಹುದಾದದ್ದನ್ನು ಮೆನುವಿನಲ್ಲಿಟ್ಟು ಮನುಷ್ಯನನ್ನು ಕೇಳುವುದು ಸೋಮಾರಿತನ ಎಂದೇ ನನ್ನ ಅಭಿಪ್ರಾಯ.

ಇಎಸ್‌ಪಿ32 ಕುಟುಂಬದಲ್ಲಿ ಈ ವಿಷಯ ಸ್ವಲ್ಪ ಸಲೀಸು. ಎಸ್2, ಎಸ್3, ಸಿ3, ಸಿ6 ಎಂದು ಚಿಪ್ಪುಗಳು ಹಲವಿವೆ. ಎಸ್3ರಲ್ಲಿ ಎಕ್ಸ್‌ಟೆನ್ಸಾ ಕೋರು ಎರಡು, ಸಿ3ಯಲ್ಲಿ ರಿಸ್ಕ್-ವಿ ಕೋರು ಒಂದು. ಬೂಟ್‌ಲೋಡರ್ ಕೂರುವ ವಿಳಾಸವೂ ಮೂಲ ಇಎಸ್‌ಪಿ32ರಲ್ಲಿ 0ಎಕ್ಸ್1000, ಎಸ್3ರಲ್ಲಿ ಸೊನ್ನೆ. ಒಂದರ ಪ್ರೋಗ್ರಾಮು ಇನ್ನೊಂದರಲ್ಲಿ ಓಡುವ ಪ್ರಶ್ನೆಯೇ ಇಲ್ಲ. ಆದರೆ ಇಎಸ್‌ಪಿಟೂಲ್ ಮೊದಲು ಚಿಪ್ಪನ್ನೇ ಮಾತನಾಡಿಸಿ, ನೀವು ಹೇಳಿದ್ದು ಇಎಸ್‌ಪಿ32, ಎದುರಿಗಿರುವುದು ಎಸ್3 ಎಂದು ಅಲ್ಲೇ ತಡೆಯುತ್ತದೆ. ಫ್ಲ್ಯಾಶ್ ಮೆಮೊರಿ 4 ಎಂಬಿಯೋ 16 ಎಂಬಿಯೋ ಎಂದೂ ಓದಿ ಹೇಳುತ್ತದೆ. ನಮ್ಮ ಸಾಧನ ಈಗ ಬಿಲ್ಡ್ ಶುರುವಾಗುವುದಕ್ಕಿಂತ ಮೊದಲೇ, ಕೇಬಲ್ ಸಿಕ್ಕಿಸಿದ್ದರೆ, ಇವೆರಡನ್ನೂ ಓದಿಕೊಳ್ಳುತ್ತದೆ. ಓದಿದ್ದಕ್ಕೆ ಹೊಂದದ ಬೋರ್ಡುಗಳು ಪಟ್ಟಿಯಿಂದ ಜಾರುತ್ತವೆ, ಉಳಿಯುವುದು ಎರಡೋ ಮೂರೋ ಹೆಸರು. ಬೆಂಚಿನ ಮೇಲೆ ಸಿಕ್ಕಿಸಿದ ಬೋರ್ಡು ಒಂದೇ ಇದ್ದಾಗ ಮಾತ್ರ ಇದು ಸರಿ. ಎರಡಿದ್ದರೆ ಯಾವುದೆಂದು ಕೇಳಲೇಬೇಕು, ಸಿಕ್ಕಿದ ಮೊದಲ ಪೋರ್ಟನ್ನು ಹಿಡಿಯುವ ಚಾಳಿ ಒಳ್ಳೆಯದಲ್ಲ.

ಉಳಿದ ಎರಡು ಮೂರರಲ್ಲಿ ಆರಿಸುವುದು ಮನುಷ್ಯನ ಪಾಲಿನ ಕೆಲಸ. ಅಲ್ಲಿ ಸಾಧನ ಹೆಸರು ಕೇಳಬಾರದು, ಕಣ್ಣಿಗೆ ಕಾಣುವುದನ್ನು ಕೇಳಬೇಕು. ಫ್ಲ್ಯಾಶ್ ಮಾಡುವ ಹುಡುಗ ನಮ್ಮಲ್ಲಿ ಡಿಪ್ಲೊಮಾ ಮುಗಿಸಿ ಬಂದವನು, ಕೆಲಸದಲ್ಲಿ ಚುರುಕು, ಆದರೆ ನಾವಿಟ್ಟ ಬೋರ್ಡುಗಳ ಹೆಸರಿನ ಇತಿಹಾಸ ಅವನಿಗೆ ಹೇಗೆ ತಿಳಿಯಬೇಕು?

“ಭಾವ, ಇದ್ರಲ್ಲಿ ನಮ್ದು ಯಾವ್ದು?”

“ತಗಡಿನ ಮೇಲೆ ಎಂತ ಬರದ್ದು, ಓದು.”

“ವ್ರೋವರ್-ಇ ಅಂತ ಇದ್ದು.”

ನಮ್ಮ ಸಾಧನ ಈಗ ಕೇಳುವುದೂ ಇದನ್ನೇ: ಮಾಡ್ಯೂಲಿನ ತಗಡಿನ ಮೇಲೆ ಅಚ್ಚಾಗಿರುವ ಮೊದಲ ಸಾಲು ಯಾವುದು? ಅದನ್ನು ಹಾಗೆಯೇ ಬೆರಳಚ್ಚು ಮಾಡಿದರೆ ಬೋರ್ಡು ತಾನಾಗಿ ಸಿಗುತ್ತದೆ. ನಮ್ಮದೇ ಬೋರ್ಡಿನ ಆವೃತ್ತಿಗೆ ಮೊದಲು ಕ್ಯೂಆರ್ ಚೀಟಿ ಅಂಟಿಸುತ್ತಿದ್ದೆವು. ಶಿರಸಿಯ ಮಳೆಗೂ ಕುಮಟಾದ ಉಪ್ಪುಗಾಳಿಗೂ ಚೀಟಿಯ ಆಯುಷ್ಯ ಕಡಿಮೆ, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅಂಟೂ ಅಕ್ಷರವೂ ಹೋಗಿರುತ್ತವೆ. ಹಾಗಾಗಿ ಈಗ ಆವೃತ್ತಿಯ ಅಕ್ಷರವನ್ನು ಪಿಸಿಬಿಯ ಮೇಲೆಯೇ, ಪವರ್ ಕನೆಕ್ಟರಿನ ಪಕ್ಕ, ದೊಡ್ಡದಾಗಿ ಅಚ್ಚು ಹಾಕಿಸುತ್ತೇವೆ. ಬಿಲ್ಡ್ ಸಾಧನದ ಸುಧಾರಣೆ ಎಂದು ಹೊರಟವರು ಪಿಸಿಬಿಯ ಅಚ್ಚಿನವರೆಗೆ ಹೋಗಬೇಕಾಗುತ್ತದೆ ಎಂದು ನಾನು ಮೊದಲು ಎಣಿಸಿರಲಿಲ್ಲ.

ಹೆಸರಿಡುವ ವಿಷಯದಲ್ಲಿ ಒಂದು ಮಾತು. ತೋಟ-ಹೊಸದು, ತೋಟ-ಹೊಸದು-2, ಕುಮಟಾ-ಅಂತಿಮ ಎಂಬಂಥ ಹೆಸರುಗಳು ಎಲ್ಲ ಕಡೆಯೂ ಹುಟ್ಟುತ್ತವೆ. ಹೊಸದು ಎಂಬುದು ಮುಂದಿನ ವರ್ಷ ಹಳೆಯದಾಗಿರುತ್ತದೆ, ಕುಮಟಾಕ್ಕೆಂದು ಮಾಡಿದ್ದು ಹೊನ್ನಾವರಕ್ಕೂ ಹೋಗಿರುತ್ತದೆ. ಹೆಸರಿನಲ್ಲಿ ಊರನ್ನೂ ಕಾಲವನ್ನೂ ಬಿಟ್ಟು, ಬೋರ್ಡು, ಮಾಡ್ಯೂಲು, ಆವೃತ್ತಿ ಇಷ್ಟನ್ನೇ ಇಟ್ಟೆವು. ಹಳೆಯ ಹೆಸರು ಕೊಟ್ಟರೂ ಸಾಧನ ಹೊಸದಕ್ಕೆ ದಾರಿ ತೋರಿಸುತ್ತದೆ, ಆದರೆ ಅದನ್ನು ಹೇಳಿಯೇ ತೋರಿಸುತ್ತದೆ. ತಪ್ಪು ಕಾಗುಣಿತ ಕೊಟ್ಟರೆ ಇಡೀ ಪಟ್ಟಿಯನ್ನು ಪರದೆಯ ಮೇಲೆ ಸುರಿಯದೆ, ಹತ್ತಿರದ ಒಂದೆರಡು ಹೆಸರನ್ನು ಸೂಚಿಸುತ್ತದೆ.

ಆರಿಸಿದ್ದನ್ನು ಎಲ್ಲಿ ಬರೆದಿಡಬೇಕು ಎನ್ನುವುದು ಆರಿಸುವಷ್ಟೇ ಮುಖ್ಯ. ಆರ್ಡುಯಿನೋ ಐಡಿಇಯ (ಪ್ರೋಗ್ರಾಮು ಬರೆಯುವ ತಂತ್ರಾಂಶದ) ಹಳೆಯ 1.ಎಕ್ಸ್ ಆವೃತ್ತಿಗಳಲ್ಲಿ ಬೋರ್ಡಿನ ಆಯ್ಕೆ ಇರುತ್ತಿದ್ದುದು ಆ ಕಂಪ್ಯೂಟರಿನ ಪ್ರಿಫರೆನ್ಸ್ ಕಡತದಲ್ಲಿ. ಪ್ರೋಗ್ರಾಮನ್ನು ಇನ್ನೊಬ್ಬರಿಗೆ ಕಳಿಸಿದರೆ ಪ್ರೋಗ್ರಾಮು ಹೋಗುತ್ತದೆ, ಯಾವ ಬೋರ್ಡಿಗೆ ಎನ್ನುವುದು ಹೋಗುವುದಿಲ್ಲ. ನಿನ್ನೆ ಬೇರೊಂದು ಕೆಲಸಕ್ಕೆ ಬೋರ್ಡು ಬದಲಿಸಿದ್ದರೆ ಇಂದಿನ ಕೆಲಸವೂ ಅದಕ್ಕೇ ಬಿಲ್ಡ್ ಆಗುತ್ತದೆ. ಪ್ಲಾಟ್‌ಫಾರ್ಮ್‌ಐಓ ಎಂಬ ಬಿಲ್ಡ್ ಸಾಧನ ಬಳಸುವವರಿಗೆ ಈ ಕಷ್ಟ ಇರಲಿಲ್ಲ, ಅಲ್ಲಿ ಪ್ರಾಜೆಕ್ಟಿನ ಮೂಲ ಫೋಲ್ಡರಿನಲ್ಲೇ ಒಂದು ಐಎನ್‌ಐ ಕಡತವಿದ್ದು, ಪ್ರತಿಯೊಂದು ಬೋರ್ಡಿಗೂ ಅದರಲ್ಲಿ ಒಂದು ವಿಭಾಗ ಇರುತ್ತದೆ. ಆರ್ಡುಯಿನೋದ ಕಮಾಂಡ್ ಲೈನ್ ಸಾಧನವೂ ಆಮೇಲೆ ಸ್ಕೆಚ್ ಡಾಟ್ ಯಾಮಲ್ ಎಂಬ ಪ್ರಾಜೆಕ್ಟ್ ಕಡತವನ್ನು ತಂದಿತು. ಬೋರ್ಡಿನ ಪೂರ್ಣ ಹೆಸರನ್ನೂ, ಬೇಕಾದ ಬೋರ್ಡ್ ಪ್ಯಾಕೇಜು ಮತ್ತು ಲೈಬ್ರರಿಗಳ ಆವೃತ್ತಿಗಳನ್ನೂ ಅದರಲ್ಲಿ ಬರೆದಿಡಬಹುದು. ಪೂರ್ಣ ಹೆಸರು ಎಂದರೆ ತಯಾರಕ, ಚಿಪ್ಪಿನ ವರ್ಗ, ಬೋರ್ಡು, ಅದರ ಮುಂದೆ ಮೆನುವಿನ ಆಯ್ಕೆಗಳು, ನಡುವೆ ಕೋಲನ್ ಚಿಹ್ನೆ. ನೋಡಲು ಚೆಂದವಿಲ್ಲ, ಆದರೆ ಅದನ್ನು ಓದಿದರೆ ಏನು ಬಿಲ್ಡ್ ಆಗುತ್ತದೆ ಎನ್ನುವುದರಲ್ಲಿ ಸಂಶಯ ಉಳಿಯುವುದಿಲ್ಲ.

ನಮ್ಮ ಸಾಧನದಲ್ಲಿ ಕಂಪ್ಯೂಟರಿಗೆ ಸೇರಿದ ನೆನಪು ಎಂಬುದನ್ನೇ ತೆಗೆದುಹಾಕಿದ್ದೇವೆ. ಕೊನೆಯ ಸಲ ಆರಿಸಿದ ಬೋರ್ಡು ಎಂಬುದು ಇಲ್ಲ. ಬೋರ್ಡು ಪ್ರಾಜೆಕ್ಟಿನ ಕಡತದಲ್ಲಿರಬೇಕು, ಇಲ್ಲವೇ ಕಮಾಂಡಿನಲ್ಲಿ ಕೊಟ್ಟಿರಬೇಕು. ಎರಡೂ ಇದ್ದು ಬೇರೆ ಬೇರೆಯಾಗಿದ್ದರೆ ಕಮಾಂಡಿನದ್ದು ನಡೆಯುತ್ತದೆ, ಆದರೆ ಹಳದಿ ಅಕ್ಷರದಲ್ಲಿ ಎರಡನ್ನೂ ಅಕ್ಕಪಕ್ಕ ತೋರಿಸಿಯೇ ನಡೆಯುತ್ತದೆ. ಬೋರ್ಡು ಬದಲಾದಾಗ ಹಳೆಯ ಬಿಲ್ಡಿನ ಫೋಲ್ಡರ್ ಉಳಿಯಕೂಡದು ಎನ್ನುವುದೂ ಇದರ ಜೊತೆಗೇ ಬರುತ್ತದೆ. ಇಎಸ್‌ಪಿ-ಐಡಿಎಫ್‌ನಲ್ಲಿ ಸೆಟ್-ಟಾರ್ಗೆಟ್ ಎಂಬ ಕಮಾಂಡು ಬಿಲ್ಡ್ ಫೋಲ್ಡರನ್ನು ಖಾಲಿ ಮಾಡಿ ಹೊಸ ಎಸ್‌ಡಿಕಾನ್ಫಿಗ್ (ಆಯ್ಕೆಗಳ ಕಡತ) ಬರೆಯುತ್ತದೆ, ಹಳೆಯದನ್ನು ಬೇರೆ ಹೆಸರಿನಲ್ಲಿ ಪಕ್ಕಕ್ಕಿಡುತ್ತದೆ. ಮೆನುವಿನಲ್ಲಿ ಕೈಯಾರೆ ಮಾಡಿದ ಬದಲಾವಣೆಗಳು ಆ ಗಳಿಗೆಯಲ್ಲಿ ಮರೆಗೆ ಸರಿಯುತ್ತವೆ ಎಂಬುದು ಹೊಸಬರಿಗೆ ಗೊತ್ತಿರುವುದಿಲ್ಲ. ಉಳಿಯಬೇಕಾದ ಆಯ್ಕೆಗಳನ್ನು ಡಿಫಾಲ್ಟ್ ಕಡತದಲ್ಲಿ ಬರೆದಿಟ್ಟರೆ, ಮತ್ತು ಚಿಪ್ಪಿಗೆ ವಿಶೇಷವಾದದ್ದನ್ನು ಆ ಚಿಪ್ಪಿನ ಹೆಸರಿನ ಡಿಫಾಲ್ಟ್ ಕಡತದಲ್ಲಿ ಬರೆದಿಟ್ಟರೆ, ಎಷ್ಟು ಸಲ ಬದಲಿಸಿದರೂ ಏನೂ ಕಳೆಯುವುದಿಲ್ಲ. ನಾವು ಪ್ರತಿ ಬೋರ್ಡಿಗೂ ಪ್ರತ್ಯೇಕ ಬಿಲ್ಡ್ ಫೋಲ್ಡರ್ ಮಾಡಿದೆವು. ಡಿಸ್ಕಿನ ಜಾಗ ಹೋಗುತ್ತದೆ, ಹೋಗಲಿ.

ಜಾಗಕ್ಕಿಂತ ಇಲ್ಲಿ ದೊಡ್ಡ ಕೊರತೆ ನೆಟ್‌ವರ್ಕಿನದ್ದು. ಬೋರ್ಡು ಆರಿಸಿದ ಮೇಲೆ ಅದರ ಪ್ಯಾಕೇಜು ಇಳಿಸಿಕೊಳ್ಳಲು ಹೊರಡುವ ಸಾಧನಗಳಿವೆ. ಇಎಸ್‌ಪಿ32ರ ಕಂಪೈಲರ್ ಸಹಿತ ಪ್ಯಾಕೇಜು ನೂರಾರು ಎಂಬಿ ಆಗುತ್ತದೆ. ಆಷಾಢದಲ್ಲಿ ಕರೆಂಟು ಹೋಗಿ, ಟವರಿನ ಬ್ಯಾಟರಿಯೂ ಇಳಿದ ಮೇಲೆ ಅದು ಬರುವ ಮಾತಿಲ್ಲ. ಆಯ್ಕೆಯ ಪಟ್ಟಿಯಲ್ಲಿ ಈ ಕಂಪ್ಯೂಟರಿನಲ್ಲಿ ಈಗಲೇ ಬಿಲ್ಡ್ ಆಗಬಲ್ಲವು ಯಾವುವು, ಇಳಿಸಬೇಕಾದವು ಯಾವುವು ಎಂದು ಬೇರ್ಪಡಿಸಿ ತೋರಿಸುವುದು ಬೆಂಗಳೂರಿನಲ್ಲಿ ಕೂತವರಿಗೆ ಮುಖ್ಯ ಎನಿಸದಿರಬಹುದು, ನಮಗೆ ಅದು ಮೊದಲ ದಿನದಿಂದಲೇ ಬೇಕಾಗಿತ್ತು.

ತಡೆಯುವುದರ ಜೊತೆಗೆ ತಡೆಯನ್ನು ದಾಟುವ ದಾರಿಯೂ ಇರಬೇಕು. ಬ್ಲೂ ಪಿಲ್ ಎಂದು ಕರೆಯುವ ಎಸ್‌ಟಿಎಂ32ಎಫ್103 ಬೋರ್ಡುಗಳಲ್ಲಿ ನಕಲಿ ಚಿಪ್ಪು ಸಾಮಾನ್ಯ. ಅಸಲಿಯ ಡೀಬಗ್ ಗುರುತು 0ಎಕ್ಸ್1 ಎಂದು ಶುರುವಾದರೆ ಹಲವು ನಕಲುಗಳದು 0ಎಕ್ಸ್2 ಎಂದು ಶುರುವಾಗುತ್ತದೆ, ಅದನ್ನು ಫ್ಲ್ಯಾಶ್ ಮಾಡುವ ಓಪನ್‌ಓಸಿಡಿ ಎಂಬ ಸಾಧನ ಅಲ್ಲಿಗೇ ನಿಲ್ಲುತ್ತದೆ. ನಿರೀಕ್ಷಿತ ಗುರುತಿಗೆ ಸೊನ್ನೆ ಕೊಟ್ಟರೆ ಅದು ಪರೀಕ್ಷೆಯನ್ನೇ ಬಿಡುತ್ತದೆ, ಎಲ್ಲರೂ ಅದನ್ನೇ ಮಾಡುತ್ತಾರೆ, ಮತ್ತು ಒಮ್ಮೆ ಸೊನ್ನೆ ಹಾಕಿದ ಕಡತ ಎಂದೆಂದಿಗೂ ಸೊನ್ನೆಯಲ್ಲೇ ಉಳಿಯುತ್ತದೆ. ದಾಟುವ ದಾರಿಯನ್ನು ಕಡತದಲ್ಲಿ ಇಡದೆ ಆ ಒಂದು ಕಮಾಂಡಿಗಷ್ಟೇ ಅನ್ವಯಿಸುವಂತೆ ನಾವು ಇಟ್ಟಿದ್ದು ಇದಕ್ಕಾಗಿ.

ಕೇಬಲ್ಲಿನಿಂದ ಫ್ಲ್ಯಾಶ್ ಮಾಡುವವರೆಗೆ ತಪ್ಪು ಆಯ್ಕೆಯ ಬೆಲೆ ಕೆಲವು ನಿಮಿಷ. ಪೆಟ್ಟಿಗೆ ದೇವಿಮನೆ ಘಟ್ಟ ಇಳಿದು ಗಜನಿಯ ಜಂತ್ರಡಿಯ (ನೀರು ತಡೆದು ಬಿಡುವ ತೂಬಿನ) ಪಕ್ಕದ ಕಂಬ ಏರಿದ ಮೇಲೆ ಹಾಗಲ್ಲ. ಅಲ್ಲಿಗೆ ಹೊಸ ಫರ್ಮ್‌ವೇರ್ ಹೋಗುವುದು ಗಾಳಿಯ ಮೂಲಕ, ಅಂದರೆ ತಂತಿಯಿಲ್ಲದೆ, ಅಲ್ಲಿ ತಗಡಿನ ಅಕ್ಷರ ಓದುವವರು ಯಾರೂ ಇಲ್ಲ. ಇಎಸ್‌ಪಿ32ರ ಫರ್ಮ್‌ವೇರ್ ಕಡತದ ತಲೆಯಲ್ಲಿ ಚಿಪ್ಪಿನ ಗುರುತು ಇರುತ್ತದೆ, ಬೇರೆ ಚಿಪ್ಪಿನ ಕಡತ ಬಂದರೆ ಅದು ತಿರಸ್ಕಾರವಾಗುತ್ತದೆ. ಆದರೆ ಅದೇ ಚಿಪ್ಪಿನ ಬೇರೆ ಬೋರ್ಡಿನ ಕಡತವನ್ನು ಯಾರೂ ತಡೆಯುವುದಿಲ್ಲ. ಹೀಗಾಗಿ ಬಿಲ್ಡಿನ ವೇಳೆ ಆರಿಸಿದ ಪೂರ್ಣ ಹೆಸರನ್ನು ಸಾಧನ ಫರ್ಮ್‌ವೇರ್ ಒಳಗೇ ಬರೆಯುತ್ತದೆ. ಪೆಟ್ಟಿಗೆ ಮೊದಲ ಸಲ ಬೆಂಚಿನ ಮೇಲೆ ತಯಾರಾದಾಗ ಅದೇ ಹೆಸರನ್ನು ಅದರ ಫ್ಲ್ಯಾಶಿನಲ್ಲಿ ಎನ್‌ವಿಎಸ್ ಎಂಬ ಕಾಯಂ ದಾಖಲೆಯ ಪಾಲಿನಲ್ಲೂ ಬರೆಯುತ್ತೇವೆ, ಅಪ್‌ಡೇಟ್ ಬಂದಾಗ ಅದು ಅಳಿಯುವುದಿಲ್ಲ. ಹೊಸ ಕಡತದ ಹೆಸರು ತನ್ನ ಹೆಸರಿಗೆ ಹೊಂದದಿದ್ದರೆ ಪೆಟ್ಟಿಗೆ ಅದನ್ನು ಒಪ್ಪುವುದಿಲ್ಲ, ಒಪ್ಪಲಿಲ್ಲ ಎಂದು ತಿಳಿಸುತ್ತದೆ. ಬೋರ್ಡು ಆರಿಸುವ ಕೆಲಸ ಬಿಲ್ಡಿನ ಕಮಾಂಡಿನಲ್ಲಿ ಮುಗಿಯದೆ ಪೆಟ್ಟಿಗೆಯ ಆಯುಷ್ಯ ಇರುವವರೆಗೂ ನಡೆಯುತ್ತದೆ ಎಂದು ಒಪ್ಪಿಕೊಂಡ ಮೇಲೆ ನಮ್ಮ ಅನೇಕ ತೀರ್ಮಾನಗಳು ಸುಲಭವಾದವು.

ಇನ್ನೂ ಬಗೆಹರಿಯದೆ ಉಳಿದಿರುವುದು ರೇಡಿಯೋ. ಗಜನಿಯ ಪೆಟ್ಟಿಗೆಗಳು ಲೋರಾ ಎಂಬ ದೂರಗಾಮಿ ರೇಡಿಯೋದಲ್ಲಿ ಮಾತನಾಡುತ್ತವೆ, ಭಾರತದಲ್ಲಿ ಲೋರಾವ್ಯಾನ್ ಜಾಲಕ್ಕೆ ಬಳಸುವ ಬ್ಯಾಂಡ್ 865ರಿಂದ 867 ಮೆಗಾಹರ್ಟ್ಜ್. ಒಳಗಿರುವುದು ಎಸ್‌ಎಕ್ಸ್1276 ರೇಡಿಯೋ ಚಿಪ್ಪೋ ಎಸ್‌ಎಕ್ಸ್1262 ಚಿಪ್ಪೋ ಎಂದು ಸಾಧನ ಪರೀಕ್ಷಿಸಿ ತಿಳಿಯಬಹುದು. ಹೆಲ್ಟೆಕ್ ಕಂಪನಿಯ ಲೋರಾ ಬೋರ್ಡಿನ ಎರಡನೇ ಆವೃತ್ತಿಯಲ್ಲಿ ಮೊದಲನೆಯದು, ಮೂರನೆಯದರಲ್ಲಿ ಎರಡನೆಯದು, ಅಷ್ಟರಲ್ಲಿ ಮುಖ್ಯ ಚಿಪ್ಪೂ ಇಎಸ್‌ಪಿ32ರಿಂದ ಎಸ್3ಕ್ಕೆ ಬದಲಾಗಿದೆ, ಹಾಗಾಗಿ ಇವುಗಳನ್ನು ಬೇರ್ಪಡಿಸುವುದು ಕಷ್ಟವಲ್ಲ. ಆದರೆ ಅದೇ ರೇಡಿಯೋ ಚಿಪ್ಪಿನ ಮಾಡ್ಯೂಲು 433 ಮೆಗಾಹರ್ಟ್ಜಿಗೂ ಬರುತ್ತದೆ, 868ಕ್ಕೂ ಬರುತ್ತದೆ. ವ್ಯತ್ಯಾಸ ಇರುವುದು ಆಂಟೆನಾದ ದಾರಿಯಲ್ಲಿರುವ ಕಾಯಿಲು ಮತ್ತು ಕೆಪಾಸಿಟರುಗಳ ಮೌಲ್ಯದಲ್ಲಿ, ಸಾಫ್ಟ್‌ವೇರಿಗೆ ಅದು ಕಾಣುವುದಿಲ್ಲ. 433ರ ಮಾಡ್ಯೂಲಿಗೆ 866ರಲ್ಲಿ ಮಾತನಾಡು ಎಂದರೆ ಅದು ಮಾತನಾಡುತ್ತದೆ, ಬೆಂಚಿನ ಮೇಲೆ ಈಚೆಯಿಂದ ಆಚೆಗೆ ಕೇಳುತ್ತದೆ, ಹೊಳೆಯ ಆಚೆ ದಡಕ್ಕೆ ಕೇಳುವುದಿಲ್ಲ. ಇದಕ್ಕೆ ಸದ್ಯ ಸಾಧನ ಡಿಫಾಲ್ಟ್ ಇಟ್ಟುಕೊಂಡಿಲ್ಲ; ಮಾಡ್ಯೂಲಿನ ಹಿಂಬದಿಯ ಗುರುತನ್ನು ನೋಡಿ ಹೇಳಬೇಕು, ಹೇಳದಿದ್ದರೆ ಬಿಲ್ಡ್ ಮುಂದೆ ಹೋಗುವುದಿಲ್ಲ. ಮುಂದಿನ ಆವೃತ್ತಿಯ ಬೋರ್ಡಿನಲ್ಲಿ ಎರಡು ರೆಸಿಸ್ಟರುಗಳನ್ನು ಒಂದು ಅನಲಾಗ್ ಪಿನ್ನಿಗೆ ಜೋಡಿಸಿ, ಅವುಗಳ ಮೌಲ್ಯದಿಂದ ಬೋರ್ಡಿನ ಆವೃತ್ತಿಯನ್ನೂ ರೇಡಿಯೋದ ಬ್ಯಾಂಡನ್ನೂ ಓದುವಂತೆ ಮಾಡುವ ಯೋಚನೆ ಇದೆ. ಹಾರ್ಡ್‌ವೇರ್ ಮಾಡುವವರಲ್ಲಿ ಇದು ಹಳೆಯ ರೂಢಿ, ಖರ್ಚೂ ಕಡಿಮೆ. ಆದರೆ ರೆಸಿಸ್ಟರನ್ನು ಬೆಸುಗೆ ಹಾಕುವವರು ಮಾಡ್ಯೂಲು ನೋಡಿಯೇ ಹಾಕಬೇಕು, ಆದ್ದರಿಂದ ಪ್ರಶ್ನೆ ಬಿಲ್ಡ್ ಮಾಡುವ ಮೇಜಿನಿಂದ ಬೆಸುಗೆಯ ಮೇಜಿಗೆ ಹೋಗುತ್ತದೆ ಅಷ್ಟೇ. ಅಲ್ಲಿ ಪ್ರತಿ ಬೋರ್ಡಿಗೆ ಒಮ್ಮೆ ಕೇಳಿದರೆ ಸಾಕು ಎನ್ನುವುದು ನಮ್ಮ ಲೆಕ್ಕ.